ಪಾಸ್‌ಪೋರ್ಟಿಗೆ ಇಂಗ್ಲಿಷ್ ಬರುತ್ತದೆಯೇ?

ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ, ಮನೆಯಲ್ಲೂ ಶಾಲೆಯಲ್ಲೂ ಫ್ರೆಂಚನ್ನೇ ಆಡುತ್ತ ಬೆಳೆದ ಹುಡುಗ ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿದರೆ ಅವನಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಕೈಯಲ್ಲಿ ಕೆನಡಾದ ಪಾಸ್‌ಪೋರ್ಟ್ ಇದೆ, ಅಷ್ಟು ಸಾಕು. ಡೊಂಬಿವಲಿಯಲ್ಲಿ ಮೂರೂವರೆ ವರ್ಷಕ್ಕೇ ಕೆಜಿ ಸೇರಿ, ಅಲ್ಲಿಂದ ಬಿ.ಎಸ್‌ಸಿ. ಮುಗಿಯುವ ತನಕ ಗಣಿತ, ವಿಜ್ಞಾನ, ಇತಿಹಾಸ ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಉತ್ತರ ಬರೆದು ಪಾಸಾದ ನಮ್ಮ ಹುಡುಗಿಗೆ ಮಾತ್ರ ಆ ವಿನಾಯಿತಿ ಇಲ್ಲ. ಅವಳು ಹದಿನೇಳು ಹದಿನೆಂಟು ಸಾವಿರ ರೂಪಾಯಿ ಕಟ್ಟಿ, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯ ಕೇಂದ್ರದಲ್ಲಿ ಕೂತು, ತನಗೆ ಇಂಗ್ಲಿಷ್ ಬರುತ್ತದೆ ಎಂದು ಸಾಬೀತು ಮಾಡಬೇಕು. ಇಲ್ಲಿಯ ಅನುದಾನಿತ ಕಾಲೇಜಿನಲ್ಲಿ ಬಿ.ಕಾಂ.ನ ಒಂದು ವರ್ಷದ ಶುಲ್ಕವೂ ಅಷ್ಟಾಗುವುದಿಲ್ಲ. ಸಿಕ್ಕ ಅಂಕಕ್ಕೆ ಎರಡೇ ವರ್ಷದ ಆಯುಷ್ಯ. ಕ್ವಿಬೆಕ್‌ನವನ ವಿನಾಯಿತಿ ಅವನ ಪೌರತ್ವ ಇರುವಷ್ಟು ಕಾಲವೂ ಇರುತ್ತದೆ.

ಪರೀಕ್ಷೆಯೇ ಬೇಡ ಎನ್ನುವವರ ಪೈಕಿ ನಾನಲ್ಲ. ತರಗತಿಯಲ್ಲಿ ಪಾಠ ಅರ್ಥವಾಗದವರನ್ನು ಸೇರಿಸಿಕೊಂಡು, ಇಪ್ಪತ್ತು ಮೂವತ್ತು ಲಕ್ಷ ಸಾಲ ಮಾಡಿಸಿ, ಕೊನೆಗೆ ಫೇಲ್ ಮಾಡಿ ಕಳಿಸುವುದು ಪರೀಕ್ಷೆ ಇಡುವುದಕ್ಕಿಂತ ದೊಡ್ಡ ಮೋಸ. ಕಲಿಸುವ ಭಾಷೆ ಕಲಿಯುವವನಿಗೆ ಬರುತ್ತದೆಯೇ ಎಂದು ಕೇಳುವ ಹಕ್ಕು ವಿಶ್ವವಿದ್ಯಾಲಯಕ್ಕಿದೆ. ನನ್ನ ತಕರಾರು ಆ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ, ಯಾರಿಗೆ ಕೇಳುವುದಿಲ್ಲ ಎಂಬುದರ ಬಗ್ಗೆ. ಮನುಷ್ಯನನ್ನು ಅಳೆಯುವ ಜಾಗದಲ್ಲಿ ಇವರು ದೇಶವನ್ನು ಅಳೆದು ಕೈತೊಳೆದುಕೊಳ್ಳುತ್ತಿದ್ದಾರೆ.

ಬ್ರಿಟನ್ನಿನ ವಲಸೆ ಇಲಾಖೆಯ ಬಳಿ ಒಂದು ಪಟ್ಟಿ ಇದೆ, ಬಹುಸಂಖ್ಯಾತರು ಇಂಗ್ಲಿಷ್ ಆಡುವ ದೇಶಗಳದ್ದು. ಅಮೆರಿಕ, ಆಸ್ಟ್ರೇಲಿಯಾ, ಕೆನಡಾ, ಐರ್ಲೆಂಡ್, ನ್ಯೂಜಿಲೆಂಡ್ ಅದರಲ್ಲಿವೆ. ಜಮೈಕಾ, ಬಾರ್ಬಡೋಸ್, ಗಯಾನಾ, ಟ್ರಿನಿಡಾಡ್ ಕೂಡ ಇವೆ. ಮಾಲ್ಟಾ ಸಹ ಇದೆ, ಅಲ್ಲಿಯ ಜನರ ಮನೆಮಾತು ಮಾಲ್ಟೀಸ್ ಆದರೂ. ಭಾರತ ಇಲ್ಲ. ನೈಜೀರಿಯಾ, ಘಾನಾ, ಕೀನ್ಯಾಗಳೂ ಇಲ್ಲ. 2021ರಲ್ಲಿ ನೈಜೀರಿಯಾದ ಯುವಕರು ಇದರ ವಿರುದ್ಧ ಸಹಿ ಸಂಗ್ರಹಿಸಿ ದೊಡ್ಡ ಗಲಾಟೆ ಎಬ್ಬಿಸಿದರು. ನಮ್ಮಲ್ಲೂ ಕೆಲವರು ಅದೇ ರಾಗ ಎಳೆಯುತ್ತಾರೆ: ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್, ಸಂವಿಧಾನದ 348ನೇ ವಿಧಿಯೇ ಹಾಗೆ ಹೇಳುತ್ತದೆ, ಹಾಗಾಗಿ ಭಾರತವನ್ನೂ ಪಟ್ಟಿಗೆ ಸೇರಿಸಿ ಎಂದು.

ನನಗೆ ಆ ಬೇಡಿಕೆ ಒಪ್ಪಿಗೆಯಿಲ್ಲ. 2011ರ ಜನಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ. ಎರಡನೆಯ, ಮೂರನೆಯ ಭಾಷೆಯಾಗಿ ಬಲ್ಲೆವೆಂದವರನ್ನೂ ಕೂಡಿಸಿದರೆ ಹದಿಮೂರು ಕೋಟಿಯ ಹತ್ತಿರ, ಅಂದರೆ ನೂರಕ್ಕೆ ಹತ್ತು ಹನ್ನೊಂದು ಮಂದಿ. ಇಂಥ ದೇಶವನ್ನು ಇಂಗ್ಲಿಷ್ ಬಹುಸಂಖ್ಯಾತ ದೇಶ ಎಂದು ಸಾಧಿಸಲು ಹೊರಡುವುದು ನಗೆಪಾಟಲು. ಆದರೆ ಅರ್ಜಿ ಹಾಕುವುದು ದೇಶವಲ್ಲವಲ್ಲ! ಕಲ್ಯಾಣದ ಬಿರ್ಲಾ ಕಾಲೇಜಿನಲ್ಲಿ, ಡೊಂಬಿವಲಿಯ ಪೆಂಢಾರ್ಕರ್‌ನಲ್ಲಿ, ಠಾಣೆಯ ಜೋಶಿ ಬೇಡೇಕರ್‌ನಲ್ಲಿ ಓದಿದ ಒಬ್ಬಳು, ಒಬ್ಬ. ಪಟ್ಟಿಯೊಳಗೆ ನಮ್ಮನ್ನು ತುರುಕಿಸುವ ಅಗತ್ಯವಿಲ್ಲ. ಪಟ್ಟಿಯನ್ನೇ ಹರಿದು ಹಾಕಲಿ. ಪರೀಕ್ಷೆ ಇಟ್ಟರೆ ಟೊರೊಂಟೊದವನಿಗೂ ಇಡಲಿ, ಓದಿದ ದಾಖಲೆ ನೋಡುವುದಾದರೆ ಠಾಣೆಯವಳದ್ದನ್ನೂ ನೋಡಲಿ.

ಸರ್ಕಾರದ ನಿಯಮ, ನಮ್ಮ ಕೈ ಕಟ್ಟಿದೆ ಎಂದು ವಿಶ್ವವಿದ್ಯಾಲಯಗಳು ಹೇಳುವುದುಂಟು. ಇದು ಅರ್ಧ ಸತ್ಯ. ಪದವಿ ಮತ್ತು ಅದಕ್ಕೂ ಮೇಲಿನ ಓದಿಗೆ ಬರುವವರ ಇಂಗ್ಲಿಷನ್ನು ತಮ್ಮದೇ ವಿಧಾನದಲ್ಲಿ ತೂಗಿ ನೋಡುವ ಅವಕಾಶವನ್ನು ಬ್ರಿಟನ್ನಿನ ನಿಯಮವೇ ಒಳ್ಳೆಯ ದಾಖಲೆಯುಳ್ಳ ವಿಶ್ವವಿದ್ಯಾಲಯಗಳಿಗೆ ಕೊಟ್ಟಿದೆ. ಅಮೆರಿಕದಲ್ಲಂತೂ ಇಷ್ಟೇ ಅಂಕ ಬೇಕೆಂದು ಕೇಂದ್ರ ಸರ್ಕಾರ ಹೇಳುವುದೇ ಇಲ್ಲ, ಅದು ಆಯಾ ವಿಶ್ವವಿದ್ಯಾಲಯದ ಮರ್ಜಿ. ಹಾಗಾಗಿಯೇ ಬ್ರಿಟನ್ನಿನ ಎಷ್ಟೋ ವಿಶ್ವವಿದ್ಯಾಲಯಗಳು ನಮ್ಮ 12ನೇ ತರಗತಿಯ ಇಂಗ್ಲಿಷ್ ಅಂಕವನ್ನು ಒಪ್ಪುತ್ತವೆ. ಅಲ್ಲೂ ಮಡಿ ಮೈಲಿಗೆ ಇದೆ. ಸಿಬಿಎಸ್‌ಇ, ಐಎಸ್‌ಸಿಯವರಿಗೆ ಒಂದು ಗೆರೆ, ರಾಜ್ಯ ಮಂಡಳಿಯವರಿಗೆ ಇನ್ನೂ ಎತ್ತರದ ಗೆರೆ; ಕೆಲವು ರಾಜ್ಯಗಳ ಮಂಡಳಿಗಳಿಗೆ ಬಾಗಿಲೇ ಇಲ್ಲ. ಕಾಲೇಜಿನ ಆಫೀಸಿನಿಂದ ಪಡೆಯುವ ಎಂಓಐ ಪತ್ರವನ್ನು, ಅಂದರೆ ಇವಳು ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದಾಳೆ ಎಂಬ ಪ್ರಮಾಣಪತ್ರವನ್ನು, ಒಂದು ವಿಶ್ವವಿದ್ಯಾಲಯ ಒಪ್ಪುತ್ತದೆ, ಪಕ್ಕದ್ದು ಒಪ್ಪುವುದಿಲ್ಲ. ಮುಂಬೈ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿದ್ದು ಲಂಡನ್ ವಿಶ್ವವಿದ್ಯಾಲಯದ ಪಡಿಯಚ್ಚಿನಲ್ಲಿ, ಬ್ರಿಟಿಷರದ್ದೇ ಕಾಯಿದೆಯಿಂದ. ಅಂದಿನಿಂದ ಇಂಗ್ಲಿಷಿನಲ್ಲಿ ಪರೀಕ್ಷೆ ನಡೆಸುತ್ತ ಬಂದ ಆ ಸಂಸ್ಥೆಯ ಮುದ್ರೆಗೆ ಲಂಡನ್ನಿನಲ್ಲೇ ಖಚಿತವಾದ ಬೆಲೆ ಇಲ್ಲ.

ಮುಂಬೈ, ಠಾಣೆ ಸೀಮೆಯ ಕನ್ನಡಿಗರಿಗೆ ಇದು ಇನ್ನೂ ಕಹಿಯಾಗಿರಬೇಕು. ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲಿನಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕೋಟೆ ಭಾಗದ ರಾತ್ರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲೇ ಮೆಟ್ರಿಕ್ ಮಾಡಿದ ತಲೆಮಾರು ನಮ್ಮದು. ಬ್ಯಾಂಕು, ಕಂಪನಿ ಸೇರಿ ಇಂಗ್ಲಿಷಿನಲ್ಲಿ ಫೈಲು ಬರೆದವರು ಅವರಲ್ಲೇ ಬೇಕಾದಷ್ಟು ಮಂದಿ. ಅವರೇ ಮುಂದೆ ಡೊಂಬಿವಲಿ, ಕಲ್ಯಾಣ, ಠಾಣೆಯಲ್ಲಿ ಒನ್ ರೂಮ್ ಕಿಚನ್ ಕೊಂಡರು, ವಾಶಿ ನೆರೂಲ್‌ನಲ್ಲಿ ಸಿಡ್ಕೋ ಮನೆ ಹಿಡಿದರು, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಸೊರಗಿದ್ದನ್ನು ನಾವೆಲ್ಲ ನೋಡಿದ್ದೇವೆ, ನೋಡಿ ಸುಮ್ಮನಿದ್ದೇವೆ. 'ಕನ್ನಡ ಕಲಿತು ಏನು ಮಾಡ್ತಾನೆ, ನಾಳೆ ಫಾರಿನ್ನಿಗೆ ಹೋಗುವವ' ಎಂದರು. ಮೊಮ್ಮಕ್ಕಳಿಗೆ ಮನೆಯಲ್ಲಿ ತುಳುವೋ ಕನ್ನಡವೋ ಅರೆಬರೆ, ಸೊಸೈಟಿಯ ಅಂಗಳದಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಕನ್ನಡ ಓದಲು ಬರುವುದಿಲ್ಲ. ಕನ್ನಡ ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ಅಜ್ಜ ಓದಿ ಹೇಳಬೇಕು. ಇಂಗ್ಲಿಷಿಗಾಗಿ ಇಷ್ಟು ಬೆಲೆ ತೆತ್ತ ಮೇಲೂ ಅರ್ಜಿ ನಮೂನೆ ಕೇಳುತ್ತದೆ: ಇಂಗ್ಲಿಷ್ ನಿಮ್ಮ ಮೊದಲ ಭಾಷೆಯೇ? ಅಲ್ಲ ಎಂದರೆ ಪರೀಕ್ಷೆ. ಹೌದು ಎಂದರೂ ಪರೀಕ್ಷೆ, ಯಾಕೆಂದರೆ ಪಾಸ್‌ಪೋರ್ಟ್ ಭಾರತದ್ದು. ಕೊಟ್ಟದ್ದನ್ನು ವಾಪಸು ಕೇಳುವ ಕೌಂಟರ್ ಎಲ್ಲೂ ಇಲ್ಲ.

ಇಲ್ಲಿ ಎದುರು ಪಕ್ಷದವರು ನಗುತ್ತಾರೆ. ನಿಮ್ಮ ಇಂಗ್ಲಿಷ್ ಮಾಧ್ಯಮ ಬೋರ್ಡಿನ ಮೇಲಷ್ಟೇ. ಮೇಷ್ಟ್ರು ವಿವರಿಸುವುದು ಹಿಂದಿ ಮರಾಠಿಯಲ್ಲಿ, ಮಕ್ಕಳು ನವನೀತ್ ಡೈಜೆಸ್ಟಿನ ಉತ್ತರ ಉರುಹೊಡೆದು ಬರೆಯುವುದು ಎನ್ನುತ್ತಾರೆ. ಸುಳ್ಳಲ್ಲ. 12ನೇ ತರಗತಿಯಲ್ಲಿ ಇಂಗ್ಲಿಷಿಗೆ 90 ಅಂಕ ತೆಗೆದು ಫೋನಿನಲ್ಲಿ ಎರಡು ವಾಕ್ಯ ಆಡಲು ತಡವರಿಸುವ ಮಕ್ಕಳು ನಮ್ಮ ನಿಮ್ಮ ಕಟ್ಟಡಗಳಲ್ಲೇ ಇದ್ದಾರೆ. ಆದರೆ ಈ ಕಾಯಿಲೆಯನ್ನು ಐಇಎಲ್‌ಟಿಎಸ್ ಹಿಡಿದು ತೋರಿಸುತ್ತದೆ ಎಂದು ಯಾರು ಹೇಳಿದರು? 2022ರ ಏಪ್ರಿಲ್‌ನಲ್ಲಿ ಕೆನಡಾ ಅಮೆರಿಕ ಗಡಿಯ ನದಿಯಲ್ಲಿ ಮುಳುಗುತ್ತಿದ್ದ ದೋಣಿಯಿಂದ ಕೆಲವು ಭಾರತೀಯ ಯುವಕರನ್ನು ಎತ್ತಿದರು. ಅವರಲ್ಲಿ ಗುಜರಾತಿನ ಮೆಹ್ಸಾನಾದವರಿದ್ದರು, ಅವರ ಬಳಿ ಐಇಎಲ್‌ಟಿಎಸ್‌ನ ಒಳ್ಳೆಯ ಬ್ಯಾಂಡ್ ಇತ್ತು. ಅಮೆರಿಕದ ನ್ಯಾಯಾಧೀಶರ ಪ್ರಶ್ನೆ ಅರ್ಥವಾಗದೆ ದುಭಾಷಿಯನ್ನು ಕರೆಸಬೇಕಾಯಿತು. ಮೆಹ್ಸಾನಾ ಪೊಲೀಸರು ಪರೀಕ್ಷೆಯಲ್ಲಿ ನಡೆದ ಗೋಲ್‌ಮಾಲಿನ ತನಿಖೆಗಿಳಿದರು. ದುಡ್ಡಿದ್ದವನು ದಾರಿ ಕಂಡುಕೊಂಡ. ಅಡ್ಡದಾರಿ ಗೊತ್ತಿಲ್ಲದವಳು ಸಾಲಿನಲ್ಲಿ ನಿಂತಳು.

ಕದ್ದವನ ಪಾಲಿನ ಶಿಕ್ಷೆ ಕದಿಯದವರ ತಲೆಗೆ ಬೀಳುವುದೂ ಇಲ್ಲಿ ಮಾಮೂಲು. 2014ರ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಲಂಡನ್ನಿನ ಕೆಲವು ಕೇಂದ್ರಗಳಲ್ಲಿ ನಡೆದ ನಕಲನ್ನು ಬಯಲು ಮಾಡಿತು. ಪರೀಕ್ಷೆ ನಡೆಸುತ್ತಿದ್ದ ಅಮೆರಿಕದ ಇಟಿಎಸ್ ಸಂಸ್ಥೆ ದನಿಯ ಮುದ್ರಿಕೆಗಳನ್ನು ಮತ್ತೆ ಕೇಳಿಸಿಕೊಂಡು, 58 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳ ಪೈಕಿ ನೂರಕ್ಕೆ 97ನ್ನು ಅಮಾನ್ಯ ಅಥವಾ ಅನುಮಾನಾಸ್ಪದ ಎಂದಿತು. ಭಾರತ, ಬಾಂಗ್ಲಾ, ಪಾಕಿಸ್ತಾನದ ಮಕ್ಕಳ ವೀಸಾ ಸಾವಿರಗಟ್ಟಲೆ ರದ್ದಾಯಿತು. ನಿರಪರಾಧಿಗಳು ಇದರಲ್ಲಿ ಸಿಕ್ಕಿಬೀಳದಂತೆ ನೋಡಿಕೊಳ್ಳಲು ಗೃಹ ಇಲಾಖೆ ಅಷ್ಟೇ ಉತ್ಸಾಹ ತೋರಲಿಲ್ಲ ಎಂದು 2019ರಲ್ಲಿ ಬ್ರಿಟನ್ನಿನ ಲೆಕ್ಕಪರಿಶೋಧಕರೇ ಬರೆದರು. ಚೀನಾದವರ ಅನುಭವವೂ ಇದೇ. ಪ್ರಶ್ನೆಗಳು ಬಾಯಿಪಾಠವಾಗಿ ಹರಿದಾಡುತ್ತಿವೆ ಎಂದು 2002ರಲ್ಲಿ ಇಟಿಎಸ್ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಕೇಳುವ ಜಿಆರ್‌ಇಯ ಕಂಪ್ಯೂಟರ್ ಪರೀಕ್ಷೆಯನ್ನೇ ನಿಲ್ಲಿಸಿತು. ಅಂದಿನಿಂದ ಚೀನೀ ವಿದ್ಯಾರ್ಥಿ ಎಷ್ಟು ಅಂಕ ತಂದರೂ, ಬಾಯಿಪಾಠ ಮಾಡಿರಬೇಕು ಎಂಬ ಗೊಣಗು ಅವನ ಹಿಂದೆಯೇ ಬರುತ್ತದೆ. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3.31 ಲಕ್ಷ, ಚೀನೀಯರು 2.77 ಲಕ್ಷ, ನಾವೀಗ ಮೊದಲ ಸಾಲಿಗೆ ಬಂದಿದ್ದೇವೆ. ಆ ಗೊಣಗೂ ನಮ್ಮತ್ತ ತಿರುಗಿದರೆ ಆಶ್ಚರ್ಯಪಡಬೇಕಿಲ್ಲ.

ಪರೀಕ್ಷೆ ಅಳೆಯುವುದಾದರೂ ಏನನ್ನು? 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕಿದ್ದ ಐರ್ಲೆಂಡಿನ ಪಶುವೈದ್ಯೆಯೊಬ್ಬಳು ಪಿಯರ್ಸನ್ ಕಂಪನಿಯ ಕಂಪ್ಯೂಟರ್ ಪರೀಕ್ಷೆಯ ಮಾತಿನ ಭಾಗದಲ್ಲಿ ಬೇಕಿದ್ದ 79ರ ಬದಲು 74 ಪಡೆದಳು. ಇಂಗ್ಲಿಷ್ ಅವಳ ತಾಯ್ನುಡಿ, ಎರಡು ಪದವಿಗಳೂ ಇಂಗ್ಲಿಷಿನಲ್ಲೇ. ಐಇಎಲ್‌ಟಿಎಸ್‌ನಲ್ಲಿ ಮಾತಿನ ಪರೀಕ್ಷೆಗೆ ಮನುಷ್ಯನೇ ಎದುರಿರುತ್ತಾನೆ, ಆದರೆ ಹನ್ನೊಂದರಿಂದ ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಏನು ಹೇಳಬೇಕೆಂಬುದನ್ನು ಮಾರಾಟ ಮಾಡುವ ಕ್ಲಾಸುಗಳು ಠಾಣೆಯ ನೌಪಾಡಾದಿಂದ ವಾಶಿಯವರೆಗೂ ಇವೆ. ಮೊದಲ ವಾಕ್ಯ ಹೀಗೆ ಶುರು ಮಾಡು, ಎರಡನೇ ಪ್ಯಾರಾದಲ್ಲಿ ಈ ನಾಲ್ಕು ಪದ ಹಾಕು, ಗ್ರಾಫ್ ಬಂದರೆ ಈ ಟೆಂಪ್ಲೇಟ್. ಸ್ವಂತವಾಗಿ ಯೋಚಿಸಿ ಬರೆಯುವ ಹುಡುಗಿಗೆ ಅಲ್ಲಿ ಮೊದಲು ಹೇಳಿಕೊಡುವುದು ಯೋಚನೆ ನಿಲ್ಲಿಸುವುದನ್ನು.

ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡೋಣ. 2021ರ ಜುಲೈಯಲ್ಲಿ ಬ್ರಿಟಿಷ್ ಕೌನ್ಸಿಲ್ ತನ್ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು 13 ಕೋಟಿ ಪೌಂಡಿಗೆ ಆಸ್ಟ್ರೇಲಿಯಾದ ಐಡಿಪಿ ಕಂಪನಿಗೆ ಮಾರಿತು. ಅಂದಿನಿಂದ ಇಲ್ಲಿ ಈ ಪರೀಕ್ಷೆ ನಡೆಸುವುದು ಐಡಿಪಿಯೊಂದೇ. ಅದರ ಇನ್ನೊಂದು ದೊಡ್ಡ ಕಸುಬು ವಿದ್ಯಾರ್ಥಿಗಳನ್ನು ವಿದೇಶಿ ವಿಶ್ವವಿದ್ಯಾಲಯಗಳಿಗೆ ಸೇರಿಸುವುದು, ಅದಕ್ಕಾಗಿ ಆ ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುವುದು. ಹುಡುಗಿಯನ್ನು ತೂಗುವವನೂ ಅವನೇ, ಸಾಗಿಸುವ ದಲ್ಲಾಳಿಯೂ ಅವನೇ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ ನಿಜ. ಆದರೆ ತಕ್ಕಡಿಯ ಒಡೆಯನೇ ಮಾಲಿನ ವ್ಯಾಪಾರಿಯೂ ಆಗಿದ್ದರೆ ವಾಶಿಯ ಎಪಿಎಂಸಿಯಲ್ಲಿ ಈರುಳ್ಳಿ ಮಾರುವ ರೈತ ಕೂಡ ಒಂದು ಮಾತು ಕೇಳುತ್ತಾನೆ. ಪದವೀಧರರಾದ ನಾವು ಕೇಳುವುದಿಲ್ಲ.

ಕೇಳುವ ಸಮಯ ಈಗ ಬಂದಿದೆ, ಅದೂ ನಮ್ಮ ಬಾಗಿಲಿಗೇ. 2025ರ ಜೂನ್‌ನಲ್ಲಿ ನವಿ ಮುಂಬೈಯ ಹೊಸ ವಿಮಾನ ನಿಲ್ದಾಣದ ಬಳಿ ಬರಲಿರುವ ಎಜುಸಿಟಿ ಎಂಬ ಶಿಕ್ಷಣ ನಗರಿಗಾಗಿ ಐದು ವಿದೇಶಿ ಸಂಸ್ಥೆಗಳಿಗೆ ಲೆಟರ್ ಆಫ್ ಇಂಟೆಂಟ್ ಕೊಡಲಾಯಿತು: ಬ್ರಿಟನ್ನಿನ ಯಾರ್ಕ್ ಮತ್ತು ಅಬರ್ಡೀನ್, ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ, ಅಮೆರಿಕದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಇಟಲಿಯ ಐಇಡಿ ವಿನ್ಯಾಸ ಸಂಸ್ಥೆ. ಯುಜಿಸಿಯ 2023ರ ನಿಯಮಾವಳಿ ಪ್ರವೇಶದ ಮಾನದಂಡವನ್ನೂ ಶುಲ್ಕವನ್ನೂ ಅವರವರ ವಿವೇಚನೆಗೇ ಬಿಟ್ಟಿದೆ. ಇಲ್ಲಿ ವೀಸಾದ ನೆಪ ನಡೆಯುವುದಿಲ್ಲ. ಪನ್ವೇಲ್ ಲೋಕಲ್ ಹಿಡಿದು ಹೋಗಿ ಬರುವ ಹುಡುಗನಿಗೆ ಗಡಿಯೂ ಇಲ್ಲ, ವಲಸೆ ಅಧಿಕಾರಿಯೂ ಇಲ್ಲ. ಊರಿನ ನೆಲದ ಮೇಲೆ, ಸರ್ಕಾರವೇ ಮುಂದೆ ನಿಂತು ಕಟ್ಟಿಸುವ ಕ್ಯಾಂಪಸ್ಸಿನಲ್ಲಿ ಇಲ್ಲಿಯ ಮಂಡಳಿಯ ಇಂಗ್ಲಿಷ್ ಅಂಕ ಚಲಾವಣೆಯಾಗಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಮಹಾರಾಷ್ಟ್ರ ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಅಂಗಡಿ ಬೋರ್ಡಿನಲ್ಲಿ ಮರಾಠಿ ಅಕ್ಷರದ ಗಾತ್ರವನ್ನು ಅಳೆಯುತ್ತ ಓಡಾಡುವ ಪಕ್ಷಗಳು ಈ ಷರತ್ತಿನ ಬಗ್ಗೆ ಒಂದು ಮೋರ್ಚಾ ತೆಗೆದರೆ ಮರಾಠಿ ಮನೆಯ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಟ್ಟಿಗೆ ಉಪಕಾರವಾದೀತು.

ಅದಕ್ಕೆ ಮೊದಲು ನಮ್ಮ ಅಂಕಪಟ್ಟಿಗೆ ಮಾನ ಬರಬೇಕು. ರಾಜ್ಯ ಮಂಡಳಿಯ 12ನೇ ತರಗತಿಯ ಇಂಗ್ಲಿಷಿನಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಕಾಲೇಜಿನ ಕೈಯಲ್ಲಿ. ಆ 20ನ್ನು ಕಾಲೇಜುಗಳು ಪ್ರಸಾದದಂತೆ ಹಂಚುತ್ತವೆ. ಹುಡುಗ ಬಾಯಿ ತೆರೆದನೋ ಇಲ್ಲವೋ ಯಾರೂ ನೋಡುವುದಿಲ್ಲ. ಹೊರಗಿನ ಪರೀಕ್ಷಕರನ್ನು ಕೂರಿಸಿ, ಪ್ರತಿಯೊಬ್ಬರನ್ನೂ ಹತ್ತು ನಿಮಿಷ ಮಾತಾಡಿಸಿ, ಅದನ್ನು ಧ್ವನಿಮುದ್ರಿಸಿ ಇಟ್ಟರೆ ಯಾರ್ಕ್‌ನವರು ಬೇಕಾದಾಗ ಕೇಳಿ ನೋಡಬಹುದು. ಠಾಣೆ ಜಿಲ್ಲೆಯ ಮಕ್ಕಳ ಅಂಕಪಟ್ಟಿಗಳನ್ನು ನೋಡಿಕೊಳ್ಳುವ ಮಂಡಳಿಯ ಮುಂಬೈ ವಿಭಾಗೀಯ ಕಚೇರಿ ಇರುವುದು ವಾಶಿಯಲ್ಲಿ, ಎಜುಸಿಟಿ ಬರಲಿರುವ ನವಿ ಮುಂಬೈಯಲ್ಲೇ. ಯಾರ್ಕ್, ಅಬರ್ಡೀನ್‌ಗಳ ಪ್ರವೇಶ ವಿಭಾಗದವರನ್ನು ಅಲ್ಲಿಗೆ ಕರೆಸಿ, ಯಾವ ದಾಖಲೆ ಇದ್ದರೆ ನಮ್ಮ ಇಂಗ್ಲಿಷ್ ಅಂಕವನ್ನು ಒಪ್ಪುತ್ತೀರಿ ಎಂದು ಲಿಖಿತವಾಗಿ ಕೇಳುವ ಕೆಲಸವನ್ನು ಮಂಡಳಿ ಈ ವರ್ಷವೇ ಮಾಡಬಹುದು.