ಏನು ಬೇಕು ಅಂತ ಕೇಳಿದ್ದೀವಾ?

ಇಂಟರ್ನಲ್ಸ್ ಹಿಂದಿನ ರಾತ್ರಿ ಯಾರೋ ಪುಣ್ಯಾತ್ಮರು ನೋಟ್ಸಿನ ಫೋಟೋ ಹೊಡೆದು, ಪಿಡಿಎಫ್ ಮಾಡಿ ಕ್ಲಾಸ್ ಗ್ರೂಪಿಗೆ ಹಾಕ್ತಾರೆ. ನಾವೆಲ್ಲ ಕೈ ಮುಗಿಯೋ ಇಮೋಜಿ ಹಾಕಿ ಓದೋಕೆ ಕೂರ್ತೀವಿ. ನಮ್ಮ ಕ್ಲಾಸಿನ ಒಬ್ಬ ಗೆಳೆಯನಿಗೆ ಮಾತ್ರ ಆ ನೋಟ್ಸು ಇದ್ದೂ ಇಲ್ಲದ ಹಾಗೆ. ಅವನಿಗೆ ದೃಷ್ಟಿ ತುಂಬಾ ಕಡಿಮೆ. ಫೋಟೋ ದೊಡ್ಡದು ಮಾಡಿದಷ್ಟೂ ಅಕ್ಷರ ಮಸುಕಾಗುತ್ತೆ.

ನಾವು ಸಹಾಯ ಮಾಡಲಿಲ್ಲ ಅಂತಲ್ಲ. ಮೊದಲ ದಿನವೇ ಅವನನ್ನ ಫಸ್ಟ್ ಬೆಂಚಿನಲ್ಲಿ ಕೂರಿಸಿದ್ವಿ. ಎರಡು ಸೆಮಿಸ್ಟರ್ ಅಲ್ಲೇ ಕೂತ. ಒಂದು ಸಬ್ಜೆಕ್ಟು ಬ್ಯಾಕ್ ಆದ ಮೇಲೆ, ಕ್ಯಾಂಟೀನಿನಲ್ಲಿ ಟೀ ಕುಡೀತಾ ಮೆಲ್ಲಗೆ ಹೇಳಿದ: 'ಆ ಬೆಂಚಿಗೆ ಕಿಟಕಿ ಬೆಳಕು ನೇರ ಹೊಡೆಯುತ್ತೆ ಕಣ್ರೋ, ಬೋರ್ಡು ಇನ್ನೂ ಕಾಣಲ್ಲ. ಪಿಪಿಟಿ ಮೊದಲೇ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿದ್ರೆ ಸಾಕಿತ್ತು.' ಅಷ್ಟು ದಿನ ನಮ್ಮಲ್ಲಿ ಒಬ್ಬರೂ ಅವನನ್ನ ಕೇಳಿರಲಿಲ್ಲ.

ನಮ್ಮ ವಾದ ಇಷ್ಟೇ. ಅಂಗವೈಕಲ್ಯದ ಹೆಸರು ಗೊತ್ತಾದ ಮಾತ್ರಕ್ಕೆ ಅಗತ್ಯ ಗೊತ್ತಾಗಲ್ಲ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ, ಆಟಿಸಂ ಕೂಡ ಈಗ ಪಟ್ಟಿಯಲ್ಲಿವೆ. ಆದರೆ ಒಂದೇ ಹೆಸರಿನ ಕೆಳಗಿರುವ ಇಬ್ಬರ ಅಗತ್ಯ ಒಂದೇ ಆಗಿರಬೇಕಿಲ್ಲ. ಒಬ್ಬರಿಗೆ ದೊಡ್ಡ ಅಕ್ಷರ ಬೇಕು, ಇನ್ನೊಬ್ಬರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಬೇಕು.

ಸರ್ಟಿಫಿಕೇಟಿನ ಶೇಕಡಾವಾರು ನೋಡಿಯೂ ಇದನ್ನು ತೀರ್ಮಾನಿಸೋಕಾಗಲ್ಲ. ರೈಟರ್ಸ್ ಕ್ರ್ಯಾಂಪ್‌ನಿಂದ ಬರೆಯಲು ಕಷ್ಟಪಡುತ್ತಿದ್ದ ವಿಕಾಶ್ ಕುಮಾರ್ ಅವರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಸಿಗಲಿಲ್ಲ. ಶೇಕಡಾ 40ಕ್ಕಿಂತ ಕಡಿಮೆ ವೈಕಲ್ಯ ಇದ್ದವರಿಗೂ ಆ ನೆರವನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವ್ಯಕ್ತಿಯ ಅಗತ್ಯ ನೋಡಿ ಅನುಕೂಲ ಮಾಡಿಕೊಡಬೇಕು ಅನ್ನೋದು ಆ ತೀರ್ಪಿನ ತಿರುಳು.

'ಒಬ್ಬರಿಗೆ ಹೆಚ್ಚು ಟೈಮ್ ಕೊಟ್ರೆ ಉಳಿದವರಿಗೆ ಅನ್ಯಾಯ ಅಲ್ವಾ?' ಅಂತ ಹಾಸ್ಟೆಲಿನಲ್ಲಿ ಕೇಳೋರಿದ್ದಾರೆ. ಲ್ಯಾಬ್ ನೆನಪಿಸಿಕೊಳ್ಳಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ಬಿಳಿಯದಕ್ಕೆ ಸುಮಾರು 3. ಎರಡರಲ್ಲೂ ಒಂದೇ ಕರೆಂಟ್ ಹರಿಯಬೇಕಾದರೆ ಬೇರೆ ಬೇರೆ ರೆಸಿಸ್ಟರ್ ಲೆಕ್ಕ ಹಾಕ್ತೀವಿ. ಅದನ್ನು ಪಕ್ಷಪಾತ ಅನ್ನಲ್ಲ, ಡಿಸೈನ್ ಅಂತೀವಿ. ಸರ್ಕ್ಯೂಟ್ ಅರ್ಥವಾಗಿದೆಯಾ ಅಂತ ನೋಡೋ ಪರೀಕ್ಷೆಯಲ್ಲಿ ಕೈಬರಹದ ವೇಗ ಅಳೆದರೆ ತಪ್ಪು ಅಳತೆಪಟ್ಟಿಯದು.

ಕಾಲೇಜು ಮಾಡಬೇಕಾದ್ದು ಬಹಳಷ್ಟಿದೆ, ಅದನ್ನು ಕೇಳೋಣ. ಆದರೆ ನಮ್ಮ ಕೈಯಲ್ಲಿರೋದನ್ನು ನಾವೇ ಮಾಡಬಹುದು. ನೋಟ್ಸನ್ನ ಟೈಪ್ ಮಾಡಿ ಹಾಕೋಣ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡಿ, ಮಾನಿಟರ್ ಆರಿಸಿ, ನಮ್ಮದೇ ಪ್ರಾಜೆಕ್ಟ್ ವೆಬ್‌ಸೈಟು ಬಳಸಿ ನೋಡೋಣ. ಎಷ್ಟು ಬಟನ್‌ಗಳಿಗೆ ಹೆಸರೇ ಇಲ್ಲ ಅಂತ ಗೊತ್ತಾಗುತ್ತೆ.

ನಮ್ಮ ಕನ್ನಡ ಸಂಘದ ತಟ್ಟೆಯಲ್ಲೂ ನೊಣ ಬಿದ್ದಿದೆ. ರಾಜ್ಯೋತ್ಸವದ ಆಹ್ವಾನ, ಕವನಗಳು ಎಲ್ಲವನ್ನೂ ಚಿತ್ರವಾಗಿಯೇ ಹಾಕ್ತೀವಿ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತಗಳು ಕಣ್ಣಿಗೆ ಕನ್ನಡ, ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಇನ್ಮೇಲೆ ಪ್ರತಿ ಪೋಸ್ಟರಿನ ಜೊತೆ ಯೂನಿಕೋಡ್ ಪಠ್ಯವೂ ಇರಲಿ.

ಎಲ್ಲಕ್ಕಿಂತ ಮೊದಲು ಕೇಳೋಣ. ಕ್ಲಾಸಿನ ಮುಂದೆ ನಿಲ್ಲಿಸಿಯಲ್ಲ, ಪಕ್ಕದಲ್ಲಿ ಕೂತು. 'ಏನೂ ಬೇಡ' ಅಂದರೆ ಆ ಉತ್ತರವನ್ನೂ ಒಪ್ಪೋಣ. ನಮ್ಮ ಗೆಳೆಯ ಈಗ ಹಿಂದಿನಿಂದ ಮೂರನೇ ಬೆಂಚಿನಲ್ಲಿ, ಕಿಟಕಿಗೆ ಬೆನ್ನು ಮಾಡಿ, ಲ್ಯಾಪ್‌ಟಾಪ್ ತೆರೆದು ಕೂರ್ತಾನೆ. ಆ ಜಾಗ ಅವನೇ ಆರಿಸಿಕೊಂಡದ್ದು.