ತಿದ್ದಿಕೊಳ್ಳಲು ನಲವತ್ತೊಂಬತ್ತು ವರ್ಷ

ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದು ನಿಜವೇ ಇರಬೇಕು ಎನ್ನುವವರು ಕೆಲವರು. ಪತ್ರಿಕೆಯವರು ಬರೆಯುವುದೆಲ್ಲ ಬರಿ ಸುಳ್ಳು ಎನ್ನುವವರು ಇನ್ನು ಕೆಲವರು. ಇಬ್ಬರಿಗೂ ಒಂದು ಅನುಕೂಲವುಂಟು: ಯೋಚಿಸುವ ಶ್ರಮ ಉಳಿಯುತ್ತದೆ!

1920ರ ಜನವರಿಯಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರ ಪ್ರಬಂಧವೊಂದು ಸುದ್ದಿಯಾಯಿತು. ರಾಕೆಟ್ಟನ್ನು ವಾಯುಮಂಡಲದ ಆಚೆಗೆ, ಚಂದ್ರನವರೆಗೂ ಕಳಿಸಬಹುದು ಎಂಬ ವಿಚಾರ ಅದರಲ್ಲಿತ್ತು. ಅದೇ 13ರಂದು ‘ನ್ಯೂಯಾರ್ಕ್ ಟೈಮ್ಸ್’ ತನ್ನ ಸಂಪಾದಕೀಯ ಪುಟದಲ್ಲಿ ಅವರನ್ನು ಗೇಲಿ ಮಾಡಿತು. ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ಒತ್ತಿ ಮುಂದೆ ಹೋದೀತು, ಹೈಸ್ಕೂಲಿನಲ್ಲಿ ಕಲಿಸುವಷ್ಟು ತಿಳಿವಳಿಕೆಯೂ ಈ ಪ್ರೊಫೆಸರಿಗೆ ಇದ್ದಂತಿಲ್ಲ ಎಂಬುದು ಅದರ ತಾತ್ಪರ್ಯ.

ಎಡವಿದ್ದು ಪತ್ರಿಕೆಯೇ. ರಾಕೆಟ್ ಹೊರಗಿನ ಗಾಳಿಯನ್ನು ಒದ್ದು ಏರುವುದಿಲ್ಲ. ತನ್ನೊಳಗೆ ಹುಟ್ಟಿದ ಅನಿಲವನ್ನು ರಭಸದಿಂದ ಹಿಂದಕ್ಕೆ ಚಿಮ್ಮಿಸುತ್ತದೆ. ಚಿಮ್ಮುವ ಅನಿಲ ಅದನ್ನು ಮುಂದಕ್ಕೆ ತಳ್ಳುತ್ತದೆ. ದೋಣಿಯಿಂದ ದಡಕ್ಕೆ ಜಿಗಿದಾಗ ದೋಣಿ ಹಿಂದೆ ಸರಿಯುವುದಿಲ್ಲವೆ? ಹಾಗೆಯೇ ಇದು. ನ್ಯೂಟನ್ನನ ಮೂರನೆಯ ನಿಯಮ, ಹೈಸ್ಕೂಲಿನ ಪಾಠವೇ! ಗಾಳಿ ರಾಕೆಟ್ಟಿಗೆ ಅಡ್ಡಿಯೇ ಹೊರತು ಆಸರೆಯಲ್ಲ. ಗಾಳಿ ತೆಗೆದ ಕೊಳವೆಯಲ್ಲಿ ರಾಕೆಟ್ ಉರಿಸಿ ಗೊಡಾರ್ಡ್ ಇದನ್ನು ಪರೀಕ್ಷಿಸಿದ್ದರು. ಆ ಪ್ರಯೋಗದ ವಿವರ ಅದೇ ಪ್ರಬಂಧದಲ್ಲಿತ್ತು. ನಗುವ ಮುನ್ನ ಆ ಪುಟಗಳತ್ತ ಗಮನ ಕೊಟ್ಟಿದ್ದರೆ ಸಾಕಿತ್ತು.

ಗೊಡಾರ್ಡ್ ಪತ್ರಿಕೆಗಳಿಂದ ದೂರವೇ ಉಳಿದು ಕೆಲಸ ಮುಂದುವರಿಸಿದರು. 1926ರ ಮಾರ್ಚ್ 16ರಂದು ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದರು. ಅದು ಏರಿದ್ದು 41 ಅಡಿ ಮಾತ್ರ. 1945ರಲ್ಲಿ ಅವರು ತೀರಿಕೊಂಡರು.

1969ರ ಜುಲೈ 16ರಂದು ಅಪೊಲೊ-11 ಚಂದ್ರನತ್ತ ಹೊರಟಿತು. ಮರುದಿನ ಅದೇ ಪತ್ರಿಕೆ ತನ್ನ ಹಳೆಯ ಬರಹವನ್ನು ನೆನಪಿಸಿ, ನಿರ್ವಾತದಲ್ಲೂ ರಾಕೆಟ್ ಕೆಲಸ ಮಾಡುತ್ತದೆಂದು ಒಪ್ಪಿ, ತಪ್ಪಿಗೆ ವಿಷಾದ ಸೂಚಿಸಿತು. ಅದನ್ನು ಓದಬೇಕಾಗಿದ್ದ ವ್ಯಕ್ತಿ ಇರಲಿಲ್ಲ.

ತಪ್ಪೇ ಮಾಡದ ಪತ್ರಕರ್ತನನ್ನು ಹುಡುಕಿ ಫಲವಿಲ್ಲ. ಮೂಲವನ್ನು ನೋಡಿ ಬರೆದಿದ್ದಾನೆಯೆ, ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂದು ಹೇಳುತ್ತಾನೆಯೆ, ತಪ್ಪಿದಾಗ ಬೇಗನೆ ತಿದ್ದುತ್ತಾನೆಯೆ ಎಂದು ನೋಡಬೇಕು. ಈ ಅಳತೆಗೋಲು ಓದುಗನಿಗೂ ಅನ್ವಯಿಸುತ್ತದೆ. ತಿದ್ದುಪಡಿ ಬಂದ ಮೇಲೂ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಪತ್ರಿಕೆಯನ್ನು ದೂರಿ ಪ್ರಯೋಜನವೇನು?