ದೀಪ ಉರಿಯುತ್ತದೆ, ಎಂಜಿನ್ ಏಕೆ ಏಳದು?

ಮಳೆಗಾಲದ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಕೊಲ್ಲೂರಿನಿಂದ ಹೊರಟ ಜೀಪೊಂದು ನಾಗೋಡಿ ಘಾಟಿ ಹತ್ತುತ್ತಿದೆ. ಒಳಗೆ ಅಜ್ಜಿ, ಮೊಮ್ಮಕ್ಕಳು ಸೇರಿ ಎಂಟು ಮಂದಿ. ತಿರುವಿನಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದಿದೆ. ಡೀಸೆಲ್ ಉಳಿಯಲೆಂದು ಚಾಲಕ ಎಂಜಿನ್ ನಿಲ್ಲಿಸುತ್ತಾನೆ. ಬೇರೆ ವಾಹನದವರಿಗೆ ಕಾಣಲೆಂದು ಹೆಡ್‌ಲೈಟು ಮಾತ್ರ ಉರಿಯುತ್ತಲೇ ಇರುತ್ತದೆ. ನಾಲ್ಕು ಗಂಟೆ ಕಳೆದು ಮರ ಕಡಿದು ದಾರಿ ತೆರವಾಗುವಾಗ ರಾತ್ರಿಯಾಗಿದೆ. ಚಾಲಕ ಕೀಲಿ ತಿರುಗಿಸುತ್ತಾನೆ. ಬಾನೆಟ್ಟಿನ ಒಳಗಿಂದ 'ಕಟ್, ಕಟ್' ಎಂಬ ಸದ್ದಷ್ಟೇ.

"ಲೈಟ್ ಉರಿತಿತ್ತ್, ಸ್ಟಾರ್ಟ್ ಮಾತ್ರ ಆತಿಲ್ಲೆ ಕಾಣಿ!"

ಘಟ್ಟದ ದಾರಿಯಲ್ಲಿ ಓಡಾಡುವವರಿಗೆ ಇದು ಹೊಸ ಮಾತಲ್ಲ. ಹಳೆಯ ಬ್ಯಾಟರಿಯ ಜೀಪನ್ನು ಇಳಿಜಾರಿಗೆ ಮೂತಿ ಮಾಡಿಯೇ ನಿಲ್ಲಿಸುವ ಚಾಲಕರು ಈಗಲೂ ಇದ್ದಾರೆ. ಎಂಜಿನ್ ಕೈಕೊಟ್ಟರೆ ತಳ್ಳಿ ಎಬ್ಬಿಸಬಹುದಲ್ಲ! ಆದರೆ ಸುತ್ತ ಕಾಡು, ಮೇಲೆ ಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ, ಜೀಪು ನಿಂತದ್ದು ಏರಿನಲ್ಲಿ ಎಂದಾದರೆ? ಅಷ್ಟಕ್ಕೂ ದೀಪ ಉರಿಸುವ ಬ್ಯಾಟರಿಗೆ ಎಂಜಿನ್ ಎಬ್ಬಿಸಲು ಏಕೆ ಆಗುವುದಿಲ್ಲ?

ಸೋತ ಸೆಲ್ಲು, ಓಡುವ ಗಡಿಯಾರ

ಇದರ ಉತ್ತರ ಹೆಚ್ಚಿನ ಮನೆಗಳ ಗೋಡೆಯ ಮೇಲೇ ಇದೆ. ಸಣ್ಣ ಟಾರ್ಚಿನಲ್ಲಿ ಮಿಣುಕಿ ಸೋತ ಸೆಲ್ಲನ್ನು ಅಮ್ಮಂದಿರು ಎಸೆಯುವುದಿಲ್ಲ, ಗೋಡೆ ಗಡಿಯಾರಕ್ಕೆ ಹಾಕುತ್ತಾರೆ. ಮುಳ್ಳು ವಾರಗಟ್ಟಲೆ ಓಡುತ್ತದೆ. ಸೆಲ್ಲಿನಲ್ಲಿ ಶಕ್ತಿ ಮುಗಿದಿರಲಿಲ್ಲ, ಬೇಗ ಬೇಗ ಕೊಡುವ ಸಾಮರ್ಥ್ಯ ಮಾತ್ರ ಕುಗ್ಗಿತ್ತು. ಗಡಿಯಾರ ಕೇಳುವುದು ಹನಿ ಹನಿಯಾಗಿ, ಟಾರ್ಚು ಕೇಳುವುದು ಧಾರೆಯಾಗಿ.

ಪ್ರತಿಯೊಂದು ವಿದ್ಯುತ್ಕೋಶಕ್ಕೂ ತನ್ನದೇ ಆದ ಆಂತರಿಕ ರೋಧವಿದೆ. ಕೋಶ ಹಳತಾದಂತೆ, ಬರಿದಾದಂತೆ ಈ ರೋಧ ಹೆಚ್ಚುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿಗಳು ಓಮನ ನಿಯಮವನ್ನು ಇಲ್ಲಿ ಹಚ್ಚಿ ನೋಡಬಹುದು. ಸೋತ ಬ್ಯಾಟರಿಯೊಂದು 12 ವೋಲ್ಟ್ ತೋರಿಸುತ್ತಿದೆ, ಅದರ ಆಂತರಿಕ ರೋಧ 0.02 ಓಮ್ ಎಂದು ಇಟ್ಟುಕೊಳ್ಳಿ. ಹೆಡ್‌ಲೈಟಿಗೆ ಬೇಕಾದ್ದು ಸುಮಾರು 10 ಆಂಪಿಯರ್. ಒಳಗೇ ನಷ್ಟವಾಗುವುದು 10 × 0.02, ಅಂದರೆ 0.2 ವೋಲ್ಟ್ ಮಾತ್ರ. ದೀಪಕ್ಕೆ 11.8 ವೋಲ್ಟ್ ಸಿಕ್ಕಿ ಅದು ಚೆನ್ನಾಗಿಯೇ ಉರಿಯುತ್ತದೆ. ಆದರೆ ಡೀಸೆಲ್ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು 250 ಆಂಪಿಯರ್ ಕೇಳಿತು ಎನ್ನಿ. ಈಗ ನಷ್ಟ 250 × 0.02, ಅಂದರೆ 5 ವೋಲ್ಟ್! ಮೋಟಾರಿಗೆ ಉಳಿದದ್ದು ಬರೇ 7 ವೋಲ್ಟ್. ಅದು ಮುಲುಗುತ್ತದೆ, ಎಂಜಿನ್ ಏಳುವುದಿಲ್ಲ. ಒಳ್ಳೆಯ ಬ್ಯಾಟರಿಯ ರೋಧ ಇದರ ಮೂರರಲ್ಲೊಂದು ಪಾಲು ಇದ್ದರೂ ಮೋಟಾರಿಗೆ 10 ವೋಲ್ಟಿಗೂ ಹೆಚ್ಚು ದಕ್ಕುತ್ತಿತ್ತು.

ತಿಂದದ್ದು ಯಾರು?

ಇಷ್ಟೊಂದು ಆಂಪಿಯರ್ ಎಳೆಯುವ ಸ್ಟಾರ್ಟರೇ ಬ್ಯಾಟರಿಯನ್ನು ಬರಿದುಮಾಡುತ್ತದೆ ಎಂದು ಅನೇಕರ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. 250 ಆಂಪಿಯರ್‌ಗಳನ್ನು 4 ಸೆಕೆಂಡು ಎಳೆದರೆ ಖರ್ಚಾಗುವುದು 1000 ಆಂಪಿಯರ್-ಸೆಕೆಂಡ್. ಇದನ್ನು 3600ರಿಂದ ಭಾಗಿಸಿದರೆ 0.28 ಆಂಪಿಯರ್-ಗಂಟೆ. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್, ಹಳಬರ ಬಾಯಲ್ಲಿ ಡೈನಮೋ, ಇದನ್ನು ಕೆಲವೇ ನಿಮಿಷಗಳಲ್ಲಿ ತುಂಬಿಕೊಡುತ್ತದೆ. ಆದರೆ 10 ಆಂಪಿಯರಿನ ದೀಪ ನಾಲ್ಕು ಗಂಟೆ ಉರಿದರೆ 40 ಆಂಪಿಯರ್-ಗಂಟೆ ಹೋಯಿತು. ನೂರಾ ನಲವತ್ತು ಸಲ ಎಂಜಿನ್ ಎಬ್ಬಿಸಬಹುದಾಗಿದ್ದ ವಿದ್ಯುತ್ತು ಅದು. 70 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಇಷ್ಟನ್ನು ಹೇಗೋ ತಾಳಿಕೊಂಡೀತು. ಮೂರು ನಾಲ್ಕು ಮಳೆಗಾಲ ಕಂಡದ್ದು ತಾಳುವುದು ಕಷ್ಟ.

ಅಂತೂ ಬ್ಯಾಟರಿಯನ್ನು ತಿಂದದ್ದು ದೀಪ, ಬಯ್ಗುಳ ಬಿದ್ದದ್ದು ಸ್ಟಾರ್ಟರಿಗೆ.

ಬೀಜದ ಮುಡಿ

ಕುಂದಾಪುರ, ಬ್ರಹ್ಮಾವರ ಸೀಮೆಯ ಬೇಸಾಯದ ಮನೆಗಳಲ್ಲಿ ಬಿತ್ತನೆಯ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಬೇರೆಯೇ ಇಡುತ್ತಿದ್ದರು. ಊಟಕ್ಕೆ ಅಕ್ಕಿ ಕಡಿಮೆಯಾದರೆ ನೆರೆಮನೆಯಿಂದ ಕಡ ತಂದಾರು, ಬೀಜದ ಮುಡಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ. ಅದು ಹೋದರೆ ಮುಂದಿನ ಬೆಳೆಯೇ ಇಲ್ಲ.

ಜೀಪಿಗೆ ಎರಡು ಬ್ಯಾಟರಿ ಇಡುವುದರ ತತ್ತ್ವ ಇಷ್ಟೇ. ಒಂದು ಎಂಜಿನ್ ಎಬ್ಬಿಸಲು, ಅದು ಬೀಜದ ಮುಡಿ. ಇನ್ನೊಂದು ದೀಪ, ಫ್ಯಾನು, ಮೊಬೈಲ್ ಚಾರ್ಜರ್, ಪುಟ್ಟ ಫ್ರಿಜ್ಜು ಮುಂತಾದವುಗಳಿಗೆ, ಅದು ಊಟದ ಅಕ್ಕಿ. ಎಂಜಿನ್ ನಿಂತಾಗ ಎರಡರ ನಡುವೆ ಸಂಪರ್ಕ ಇರಬಾರದು. ಎರಡನೆಯದು ಪೂರ್ತಿ ಬರಿದಾದರೂ ಮೊದಲನೆಯದು ತುಂಬಿಯೇ ಇರುತ್ತದೆ.

ಈ ಪದ್ಧತಿ ಜೀಪಿನವರು ಕಂಡುಹಿಡಿದದ್ದೂ ಅಲ್ಲ. ಗಂಗೊಳ್ಳಿಯಿಂದ ಹೊರಟ ಮೀನುಗಾರಿಕಾ ಬೋಟಿಗೆ ನಡುಸಮುದ್ರದಲ್ಲಿ ಇಳಿಜಾರೂ ಇಲ್ಲ, ತಳ್ಳುವವರೂ ಇಲ್ಲ. ಎಂಜಿನ್ನಿಗೆ ಒಂದು, ದೀಪ ಮತ್ತು ವೈರ್‌ಲೆಸ್ಸಿಗೆ ಇನ್ನೊಂದು ಬ್ಯಾಟರಿ ಇಡುವುದು ಜಗತ್ತಿನ ಎಲ್ಲೆಡೆ ನೌಕೆಗಳಲ್ಲಿ ನಡೆದುಬಂದ ಕ್ರಮ.

ಹೆದ್ದಾರಿಯ ಲಾರಿ, ಬಸ್ಸುಗಳಲ್ಲಿ ಕಾಣುವ ಎರಡು ಬ್ಯಾಟರಿಗಳ ಕಥೆ ಬೇರೆ. ಅಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಅವೆರಡೂ ಸೇರಿ ಒಂದೇ ಬ್ಯಾಟರಿಯಂತೆ ದುಡಿಯುತ್ತವೆ, ಸೋತರೆ ಒಟ್ಟಿಗೆ ಸೋಲುತ್ತವೆ. ಜೀಪಿನಲ್ಲಿ ಮಾಡುವುದು ಸಮಾಂತರ ಜೋಡಣೆ, ಅದೂ ಎಂಜಿನ್ ಓಡುವಾಗ ಮಾತ್ರ.

ಮಡಲು ಮತ್ತು ಕೊರಡು

ಎರಡು ಬ್ಯಾಟರಿಗಳೂ ಹೊರಗಿನಿಂದ ಒಂದೇ ಬಗೆಯ ಪೆಟ್ಟಿಗೆ, ಒಳಗಿನ ರಚನೆ ಮಾತ್ರ ಬೇರೆ. ಸೀಸದ ತಟ್ಟೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಮರುಪೂರಣದ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಇಂದಿನ ವಾಹನಗಳಲ್ಲಿರುವುದು ಅದರದೇ ಸಂತತಿ.

ಬಚ್ಚಲ ಒಲೆಗೆ ಒಣ ಮಡಲು ಹಾಕಿದರೆ ಭಗ್ಗನೆ ಉರಿದು ಬೇಗ ಆರುತ್ತದೆ. ಮರದ ಕೊರಡು ನಿಧಾನ ಹತ್ತಿಕೊಂಡು ಗಂಟೆಗಟ್ಟಲೆ ಉರಿಯುತ್ತದೆ. ಸ್ಟಾರ್ಟರ್ ಬ್ಯಾಟರಿ ಮಡಲಿನ ಹಾಗೆ. ಅದರಲ್ಲಿ ತೆಳ್ಳನೆಯ ಅನೇಕ ತಟ್ಟೆಗಳಿದ್ದು ಆಮ್ಲಕ್ಕೆ ತಾಗುವ ಮೇಲ್ಮೈ ಹೆಚ್ಚು, ಹಾಗಾಗಿ ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಹೊಮ್ಮುತ್ತದೆ. ಆಳವಾಗಿ ಬರಿದಾಗುವುದನ್ನು ಅದು ಸಹಿಸದು. ತಟ್ಟೆಗಳ ಮೇಲೆ ಕೂತ ಸೀಸದ ಸಲ್ಫೇಟು ಹಾಗೆಯೇ ಬಿಟ್ಟರೆ ಗಟ್ಟಿ ಹರಳಾಗಿ ಮತ್ತೆ ಕರಗುವುದಿಲ್ಲ. 'ಡೀಪ್ ಸೈಕಲ್' ಎನ್ನುವ ಬ್ಯಾಟರಿ ಕೊರಡಿನ ಹಾಗೆ. ತಟ್ಟೆಗಳು ದಪ್ಪ, ಸಂಖ್ಯೆ ಕಡಿಮೆ. ಎರಡನೆಯ ಬ್ಯಾಟರಿ ಈ ಜಾತಿಯದಾಗಿರಬೇಕು.

ಕೂಡಿಸುವ ಕೊಂಡಿ

ಎಂಜಿನ್ ಓಡುವಾಗ ಎರಡೂ ತುಂಬಬೇಕು, ನಿಂತಾಗ ಬೇರೆಯಾಗಬೇಕು. ಇದಕ್ಕೆ ಕೈಯಿಂದ ತಿರುಗಿಸುವ ಸ್ವಿಚ್ಚು ಸಾಕು. ಬೆಲೆಯೂ ಕಡಿಮೆ. ಆದರೆ ಮನುಷ್ಯನಿಗೆ ಮರೆವಿದೆ. ಒಂದು ರಾತ್ರಿ ಮರೆತರೆ ಎರಡೂ ಬರಿದು.

ವೋಲ್ಟೇಜನ್ನು ಗುರುತಿಸುವ ರಿಲೇ ಇನ್ನೂ ಜಾಣ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ತೋರಿಸುವುದು ಸುಮಾರು 12.6 ವೋಲ್ಟ್. ಆಲ್ಟರ್ನೇಟರ್ ಕೆಲಸ ಮಾಡುವಾಗ ಅದು 14ರ ಆಸುಪಾಸಿಗೆ ಏರುತ್ತದೆ. ಈ ಏರಿಕೆಯೇ 'ಎಂಜಿನ್ ಓಡುತ್ತಿದೆ' ಎಂಬ ಸುದ್ದಿ. ಸುಮಾರು 13.3 ವೋಲ್ಟ್ ದಾಟಿದಾಗ ರಿಲೇ ಎರಡನ್ನೂ ಕೂಡಿಸುತ್ತದೆ, 12.8ರ ಹತ್ತಿರ ಇಳಿದಾಗ ಬಿಡಿಸುತ್ತದೆ. ಲಿಥಿಯಂ ಬ್ಯಾಟರಿ ಹಾಕುವವರು ಮತ್ತು ಆಲ್ಟರ್ನೇಟರನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ವಾಹನಗಳಿರುವವರು ರಿಲೇಯನ್ನು ನೆಚ್ಚದೆ ಡಿಸಿ-ಡಿಸಿ ಚಾರ್ಜರ್ ಬಳಸುವುದು ಕ್ಷೇಮ.

ತಂತಿಯಲ್ಲಿ ಕಂಜೂಸಿ ಬೇಡ

ಹೆಚ್ಚಿನವರು ಎಡವುವುದು ತಂತಿಯಲ್ಲಿ. ಬಾನೆಟ್ಟಿನಿಂದ ಹಿಂದಿನ ಬ್ಯಾಟರಿಗೆ 5 ಮೀಟರ್ ತಾಮ್ರದ ತಂತಿ ಎಳೆದಿದ್ದಾರೆ, ಅದರ ಅಡ್ಡಕೊಯ್ತ 4 ಚದರ ಮಿಲಿಮೀಟರ್ ಎನ್ನಿ. ಅದರ ರೋಧ ಸುಮಾರು 0.0215 ಓಮ್. 40 ಆಂಪಿಯರ್ ಹರಿದರೆ 0.86 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ಬ್ಯಾಟರಿ ತುಂಬುವುದು ತೀರ ನಿಧಾನವಾಗುತ್ತದೆ, ತಂತಿಯಲ್ಲಿ 34 ವ್ಯಾಟ್ ಶಾಖವೂ ಹುಟ್ಟುತ್ತದೆ. ತಂತಿ 16 ಚದರ ಮಿಲಿಮೀಟರಿನದಾದರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ.

ಇನ್ನು ಫ್ಯೂಸು. ಜೀಪಿನ ಲೋಹದ ಮೈಯೇ ಬ್ಯಾಟರಿಯ ಋಣ ಧ್ರುವ. ಕೊಡಚಾದ್ರಿಯಂಥ ಕಲ್ಲುದಾರಿಯಲ್ಲಿ ಕುಲುಕಾಟಕ್ಕೆ ಧನ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿತೆಂದರೆ ನೂರಾರು ಆಂಪಿಯರ್ ನುಗ್ಗುತ್ತದೆ. ತಂತಿ ಕೆಂಪಗೆ ಕಾದು ವಾಹನಕ್ಕೇ ಬೆಂಕಿ ಹತ್ತಬಹುದು. ಈ ತಂತಿಯ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ತುದಿಗೆ ಫ್ಯೂಸು ಬೇಕು, ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ತಗಡಿನ ತೂತಿನಲ್ಲಿ ತಂತಿ ದಾಟುವ ಕಡೆ ರಬ್ಬರಿನ ಬಳೆ ಕೂರಿಸಬೇಕು. ಬ್ಯಾಟರಿ ಅಲುಗದಂತೆ ಪಟ್ಟಿ ಬಿಗಿಯಬೇಕು.

ಸೀಸದ ಬ್ಯಾಟರಿ ತುಂಬುವಾಗ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಆದರೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಆಮ್ಲ ತುಂಬಿದ ಸಾಮಾನ್ಯ ಬ್ಯಾಟರಿಯನ್ನು ಮಕ್ಕಳು ಕೂರುವ ಸೀಟಿನಡಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಇಡಲೇಬಾರದು. ಕರಾವಳಿಯ ಉಪ್ಪುಗಾಳಿಗೆ ಟರ್ಮಿನಲ್ಲುಗಳು ಬೇಗ ಕಿಲುಬು ಹಿಡಿಯುತ್ತವೆ. ಅವನ್ನು ಉಜ್ಜಿ ವ್ಯಾಸಲೀನು ಸವರಿದರೆ ಬಾಳಿಕೆ ಹೆಚ್ಚು. ಜೋಡಣೆಯ ಕೆಲಸವನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಲೆಕ್ಕ ಗೊತ್ತಿದ್ದ ಹುಡುಗ ಪಕ್ಕದಲ್ಲಿ ನಿಂತು ತಂತಿಯ ದಪ್ಪ ಎಷ್ಟು, ಫ್ಯೂಸು ಎಲ್ಲಿ ಎಂದು ಕೇಳಿದರೆ ಕೆಲಸ ಇನ್ನೂ ಅಚ್ಚುಕಟ್ಟಾದೀತು!

ಒಂದೇ ಬ್ಯಾಟರಿ ಇದ್ದವರು?

ಎಲ್ಲರಿಗೂ ಎರಡನೆಯದು ಬೇಕೆಂದಿಲ್ಲ. ಊರೊಳಗೆ ಓಡುವ ವಾಹನಕ್ಕೆ ಅದು ದಂಡ. ಎಂಜಿನ್ ನಿಲ್ಲಿಸಿ ಕಾಯಬೇಕಾದಾಗ ಹೆಡ್‌ಲೈಟು ಆರಿಸಿ, ಮಿನುಗುವ ಎಚ್ಚರಿಕೆಯ ದೀಪವನ್ನಷ್ಟೇ ಹಾಕಿ, ಒಳಗಿನ ಬೆಳಕಿಗೆ ಟಾರ್ಚು ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಮಾಡಿ ನೋಡಿ: ಸೆಲ್ಫ್ ಸ್ಟಾರ್ಟಿನ ಬೈಕಿನಲ್ಲಿ ಕೀಲಿ ಹಾಕಿ ಸೂಚಕ ದೀಪವನ್ನು ಗಮನಿಸಿ. ದೊಡ್ಡವರೊಬ್ಬರು ಸ್ಟಾರ್ಟರ್ ಒತ್ತಲಿ. ದೀಪ ಒಂದು ಕ್ಷಣ ಮಂಕಾಗುತ್ತದೆಯೇ? ಬೆಳಿಗ್ಗೆ ಮೊದಲ ಸಲ ಒತ್ತಿದಾಗಲೂ, ಹತ್ತು ಮೈಲಿ ಓಡಿಸಿ ಬಂದ ಮೇಲೂ ಹೋಲಿಸಿ ಬರೆದಿಡಿ. ಮಂಕಾಗುವುದು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಬೀಜದ ಮುಡಿಗೆ ಯಾರೋ ಕೈ ಹಾಕಿದ್ದಾರೆ ಎಂದು ಅಪ್ಪನಿಗೆ ಧೈರ್ಯವಾಗಿ ಹೇಳಬಹುದು.